ಶುಕ್ರವಾರ ಅಳಿವೆ

ಮಂಗಳೂರು
8–1–2025, ಬುಧವಾರ

ಲೇ ಮರುಳಪ್ಪ,

ಕಾಗದ ಬಂತು ಅಂತ ಗಾಬರಿ ಬೀಳಬೇಡ. ಯಾರೂ ಸತ್ತಿಲ್ಲ. ಬರೆಯುತ್ತಿರುವವನು ನಿನ್ನ ಖಾಸಿಂ. ಮಗಳು ನಿಖತ್ ಮನೆಗೆ ಬಂದು ಒಂದು ವಾರವಾಯಿತು. ನಿನಗೆ ಹೇಳದೆ ಬಂದೆ ಅಂತ ಬೈಯುವುದಿದ್ದರೆ ಪೂರ್ತಿ ಓದಿ ಆಮೇಲೆ ಬೈ.

ನಾಲ್ಕು ತಿಂಗಳಿಂದ ನನ್ನ ದನಿ ಒಡೆದಿತ್ತಲ್ಲ, ಮೈಕ್ ಹಳೆಯದಾಯಿತು ಅಂತ ನೀನು, ಆಂಪ್ಲಿಫೈಯರ್ ಕೆಟ್ಟಿದೆ ಅಂತ ನಾನು. ಎರಡೂ ಸುಳ್ಳು. ಇಲ್ಲಿಯ ಆಸ್ಪತ್ರೆಯಲ್ಲಿ ಗಂಟಲಿಗೆ ಕೊಳವೆ ಇಳಿಸಿ ನೋಡಿದರು, ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಅಂತೆ. ದನಿಪೆಟ್ಟಿಗೆಯಲ್ಲೇ ಕೂತಿದೆ, ಬೇರೆಲ್ಲೂ ಹರಡಿಲ್ಲ. "ಪೆಟ್ಟಿಗೆ ಪೂರ್ತಿ ತೆಗೆದರೆ ಬದುಕುತ್ತೀರಿ. ಮಾತು ಮಾತ್ರ ಹೋಗುತ್ತೆ" ಅಂದರು ಡಾಕ್ಟರು. ತೆಗೆಯದೆ ಬಿಟ್ಟರೆ ಅಂತ ಕೇಳಿದೆ. ಅವರು ಮೇಜಿನ ಮೇಲಿದ್ದ ಪೆನ್ನನ್ನು ನೇರ ಮಾಡಿ ಇಟ್ಟರು. ಅರ್ಥವಾಯಿತು. ಆಪರೇಷನ್ ಆದಮೇಲೆ ಏನೋ ಸಾಧನ ಹಾಕಿ ಒಂದಿಷ್ಟು ಮಾತಾಡಿಸಬಹುದಂತೆ, ಅದರ ವಿಡಿಯೋ ತೋರಿಸಿದರು. ಡಬ್ಬದೊಳಗೆ ಜೀರುಂಡೆ ಬಿಟ್ಟ ಹಾಗಿತ್ತು.

ಮೂವತ್ತನೇ ತಾರೀಕು ಆಪರೇಷನ್. ಇಪ್ಪತ್ತೈದರೊಳಗೆ ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿ ಕೊಡಬೇಕು. ನಾನಿನ್ನೂ ಹಾಕಿಲ್ಲ.

ಫೋನ್ ಯಾಕೆ ಮಾಡಲಿಲ್ಲ ಅಂತೀಯ. ಚೂರು ತೆಗೆದಾಗಿನಿಂದ ಫೋನಿನಲ್ಲಿ ನನ್ನ ದನಿ ಬರೀ ಗರಗರ. ನಿನ್ನ ಬಟನ್ ಫೋನಿಗೆ ಬರೆದು ಕಳಿಸೋಣ ಅಂದರೆ ಅದರಲ್ಲಿ ಬಂದದ್ದನ್ನು ತೆರೆದು ನೋಡಲು ನಿನಗೆ ಬರುವುದಿಲ್ಲ. ನಿನ್ನ ಮಗ ಮಹಾಂತೇಶನ ಫೋನಿಗೆ ಕಳಿಸಿದರೆ ಸಂಜೆಯೊಳಗೆ ಮಾಯಸಂದ್ರದ ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿಯುವವರಿಗೆಲ್ಲ ಸುದ್ದಿ. ಅದಕ್ಕೇ ಕಾಗದ.

ಹೆಂಡತಿ ಶಾಹಿದಾಗೆ ಹೇಳಿಲ್ಲ. ಸಣ್ಣ ಗಂಟು, ತೆಗೆಸಿಕೊಂಡು ಬತ್ತೀನಿ ಅಂತ ಹೇಳಿ ಬಂದಿದ್ದೇನೆ. ನೀನೂ ಹೇಳಕೂಡದು. ಊರಲ್ಲಿ ಯಾರಾದರೂ ಕೇಳಿದರೆ, ಮೈಕ್ ಸೆಟ್ ಖಾಸಿಂ ಮಂಗಳೂರು ನೋಡಲು ಹೋಗಿದ್ದಾನೆ ಅನ್ನು. ಸುಳ್ಳೇನಲ್ಲ. ಹದಿನೇಳು ದಿನ ಇದೆ, ಊರು ಪೂರ್ತಿ ನೋಡಿಬಿಡುವುದು ಅಂತ ತೀರ್ಮಾನ ಮಾಡಿದ್ದೇನೆ. ಇವತ್ತು ಬರೀ ಸಿಟಿ ಬಸ್ಸಿನಲ್ಲಿ ತಿರುಗಿದೆ. ಕಂಡಕ್ಟರುಗಳು ಒಂದೇ ಉಸಿರಿಗೆ ಹತ್ತು ಹನ್ನೆರಡು ಸ್ಟಾಪು ಕೂಗುತ್ತಾರೆ ಕಣ್ಲಾ, ನಡುವೆ ಒಂದು ಸೀಟಿ. ಬಾಯಾರಿಕೆಯಾದವನ ಹಾಗೆ ಕೇಳಿಸಿಕೊಂಡು ಕೂತಿದ್ದೆ. ಇಳಿಯಬೇಕಾದ ಕಡೆ ಇಳಿಯಲೇ ಇಲ್ಲ.

ನಿನ್ನ,
ಖಾಸಿಂ


ಮಾಯಸಂದ್ರ
11–1–2025, ಶನಿವಾರ

ಪ್ರಿಯ ಮಿತ್ರನಾದ ಖಾಸಿಂನಿಗೆ,

ಹೀಗೆ ಶುರು ಮಾಡಿ ಅರ್ಧ ಗಂಟೆ ಸುಮ್ಮನೆ ಕೂತೆ. ಬುಡು, ಆ ಶೈಲಿ ನನ್ನ ಕೈಲಾಗುವುದಿಲ್ಲ. ಲೇ, ಏನ್ಲಾ ಇದು? ಪಂಪ್‌ಸೆಟ್ ಮನೆ ಹತ್ತಿರ ನಿಂತು ನಿನ್ನ ಕಾಗದ ಓದಿದೆ. ನೀರು ಬಿಟ್ಟದ್ದು ಮರೆತು ಎರಡು ಸಾಲು ತೆಂಗಿಗೆ ಮೊಣಕಾಲುದ್ದ ನೀರು ನಿಂತಿತ್ತು. ಸರ್ವಮಂಗಳ ಬಂದು "ಏನ್ ಮೈಮೇಲೆ ಗ್ಯಾನ ಇಲ್ವೇನ್ರೀ" ಅಂತ ಕೂಗಿದಾಗಲೇ ಎಚ್ಚರವಾದದ್ದು. ಕಾಗದ ಅಂಗಿಯೊಳಗೆ ಇಟ್ಟುಕೊಂಡೆ. ಅವಳಿಗೂ ಹೇಳಿಲ್ಲ.

ಸಹಿ ಹಾಕು. ಅಷ್ಟೇ ನನ್ನ ಮಾತು. ಇದರಲ್ಲಿ ಯೋಚನೆ ಮಾಡುವುದಕ್ಕೆ ಏನಿದೆ? ಡಾಕ್ಟರು ಬದುಕುತ್ತೀರಿ ಅಂದಮೇಲೂ ಪೆನ್ನು ಹುಡುಕುತ್ತಾ ಕೂತಿದ್ದೀಯಲ್ಲ. ಅಟ್ಟದ ಮೇಲೆ ಹನ್ನೊಂದು ತಿಂಗಳು ಕಾಯಿ ಯಾಕೆ ಹಾಕಿಡುತ್ತೇವೆ? ನೀರೆಲ್ಲ ಬತ್ತಲಿ ಅಂತ. ನೀರು ಬತ್ತಿದ ಕಾಯನ್ನು ಯಾರೂ ತಿಪ್ಪೆಗೆ ಎಸೆಯುವುದಿಲ್ಲ, ಕೊಬ್ಬರಿ ಅಂತ ತಲೆ ಮೇಲೆ ಹೊತ್ತು ತಿಪಟೂರು ಮಾರ್ಕೆಟ್ಟಿಗೆ ಒಯ್ಯುತ್ತಾರೆ. ನಿನ್ನದೂ ಹಾಗೇ ಅಂದುಕೊ.

ಮಾರ್ಚಿನಲ್ಲಿ ನಮ್ಮ ನಾಟಕ ಇದೆ. ರಾಜಪಾರ್ಟು ನನ್ನದೇ. ನೀನು ಎದುರಿಗೆ ಆಂಪ್ಲಿಫೈಯರ್ ಪಕ್ಕ ಕೂತಿರದೆ ನಾನು ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ರಂಗಕ್ಕೆ ಬಂದಿಲ್ಲ. ಮಾತಾಡಬೇಡ, ಬರೀ ಕೂತಿರು. ಕೂತಿರುವುದಕ್ಕಾದರೂ ಬದುಕಿರಬೇಕಲ್ಲ?

ಯಾರಿಗೂ ಹೇಳುವುದಿಲ್ಲ. ಊರು ನೋಡಲು ಹೋಗಿದ್ದಾನೆ ಅಂದೆ. "ಖಾಸಿಂ ಸಾಬ್ರು ಒಬ್ರೇ ಊರು ನೋಡಾಕೆ ಹೋದ್ರಾ?" ಅಂತ ಇಸ್ಕೂಲಿನ ಹೆಡ್‌ಮಾಸ್ಟರು ಸದಾಶಿವಯ್ಯನವರೇ ನಂಬಲಿಲ್ಲ. ಜನವರಿ ಇಪ್ಪತ್ತಾರಕ್ಕೆ ಮೈಕಿಗೆ ಏನು ಮಾಡುವುದು ಅಂತ ಕೇಳುತ್ತಿದ್ದಾರೆ.

ಸಹಿ ಹಾಕಿದ ತಕ್ಷಣ ಬರಿ.

ಮರುಳಪ್ಪ


ಮಂಗಳೂರು
14–1–2025, ಮಂಗಳವಾರ

ಲೇ ಮರುಳ,

ನಾನೇನು ಕೊಬ್ಬರಿ ಏನ್ಲಾ? ನಿನಗೆ ಹುಟ್ಟಿದಾಗಿನಿಂದ ಗೊತ್ತಿರುವುದು ಅದೊಂದೇ ಲೆಕ್ಕ.

ಬೆಳಕು ಹರಿಯುವಾಗಲೇ ಅಳಿಯ ವಾಸಿಫ್ ಧಕ್ಕೆಗೆ ಕರೆದುಕೊಂಡು ಹೋಗಿದ್ದ. ಧಕ್ಕೆ ಅಂದರೆ ಮೀನಿನ ದೋಣಿ ಬಂದು ನಿಲ್ಲುವ ಕಟ್ಟೆ, ಅಲ್ಲೇ ಅವನ ಐಸ್ ಕಾರ್ಖಾನೆ. ಬುಟ್ಟಿ ಬುಟ್ಟಿ ಮೀನು ಸುರಿದು ಹರಾಜು ಕೂಗುತ್ತಾರೆ. ಒಬ್ಬ ಹೆಂಗಸು, ನಮ್ಮ ತುರುವೇಕೆರೆ ಮುದುಕಿ ಭೂತಮ್ಮನಷ್ಟೇ ವಯಸ್ಸು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ತುಳುವಿನಲ್ಲಿ ಕೂಗುತ್ತಿದ್ದಳು. ಮೈಕಿಲ್ಲ, ಏನಿಲ್ಲ. ದೋಣಿಯ ಇಂಜಿನ್ನಿನ ಸದ್ದನ್ನೂ ಮೀರಿ ಹೋಗುತ್ತಿತ್ತು. ಒಂದು ಮಾತೂ ಅರ್ಥವಾಗಲಿಲ್ಲ, ನನಗೆ ಹೊಟ್ಟೆಕಿಚ್ಚು ತಡೆಯಲಾಗಲಿಲ್ಲ.

ನಿನ್ನೆ ಗುಡ್ಡದ ಮೇಲಿನ ಕಾಲೇಜಿನ ಚರ್ಚಿಗೆ ಹೋಗಿದ್ದೆ. ಗೋಡೆ, ಸೂರು ಎಲ್ಲ ಕಡೆ ಚಿತ್ರ. ಕತ್ತು ನೋಯುವ ತನಕ ನೋಡಿದೆ. ಬಾಗಿಲಲ್ಲೇ ಮೌನವಾಗಿರಿ ಅಂತ ಬೋರ್ಡು. ಜೀವನದಲ್ಲಿ ಮೊದಲ ಸಲ ಒಂದು ಬೋರ್ಡು ನನ್ನ ಪರವಾಗಿತ್ತು. ಹೊರಗೆ ಒಂದು ಗಾಡಿಯ ಮೇಲೆ "ಬೊಂಡ" ಅಂತ ಬರೆದಿತ್ತು. ಬಿಸಿ ಇದೆಯಾ ಅಂತ ಕೈಸನ್ನೆ ಮಾಡಿದೆ. ಅವನು ನಗಾಡಿ ಎಳನೀರು ಕೊಚ್ಚಿ ಕೊಟ್ಟ. ಇಲ್ಲಿ ಬೊಂಡ ಅಂದರೆ ಎಳನೀರು ಕಣಪ್ಪ. ತಿಪಟೂರಿನವನಿಗೆ ಎಳನೀರು ಹೇಗೆ ಕುಡಿಯಬೇಕು ಅಂತ ಹೇಳಿಕೊಟ್ಟ, ಮಾತು ಬಾರದವನು ಅಂತ ಕನಿಕರದಿಂದ.

ಆ ಕನಿಕರ ನೋಡಿದ ಮೇಲೆ ನನಗೆ ಒಂದು ವಿಷಯ ಖಚಿತವಾಯಿತು. ನಿನಗೆ ನೇರವಾಗಿಯೇ ಹೇಳುತ್ತೇನೆ. ಸಹಿ ಹಾಕಲು ನನಗೆ ಮನಸ್ಸಿಲ್ಲ. ತುರುವೇಕೆರೆಯ ಭೂತಮ್ಮನಿಗೆ ಎರಡೂ ಕಣ್ಣು ಕಾಣುವುದಿಲ್ಲ. ಮೈಕಿನಲ್ಲಿ ಕೂಗುತ್ತಾ ನನ್ನ ಆಟೋ ಅವಳ ಬೀದಿಗೆ ತಿರುಗಿದರೆ ಸಾಕು, "ಖಾಸಿಂ ಬಂದ, ಇವತ್ತು ಯಾರ ಮನೇಲಿ ಮದುವೆ?" ಅನ್ನುತ್ತಾಳೆ. ಅವಳ ಜಗುಲಿ ಮುಂದೆ ಇನ್ನು ಮೇಲೆ ನಾನು ಹೋಗಿ ನಿಂತರೆ ಅವಳಿಗೆ ನಾನು ಯಾರು? ಸುಮ್ಮನೆ ಉಸಿರಾಡುವ ಒಬ್ಬ ಗಂಡಸು. ಮೂವತ್ತೊಂದು ವರ್ಷದಿಂದ ನಾನು ಅಂದರೆ ನನ್ನ ದನಿ. ಅದನ್ನು ಕತ್ತರಿಸಿ ಬುಟ್ಟಿಗೆ ಹಾಕಿ ಮಿಕ್ಕದ್ದನ್ನು ಮನೆಗೆ ಕಳಿಸುತ್ತಾರಂತೆ. ಮಿಕ್ಕದ್ದು ಯಾರಿಗೆ ಬೇಕು?

ಇವತ್ತು ನಿಮ್ಮ ಮನೆಯಲ್ಲಿ ಎಳ್ಳು ಬೀರುತ್ತಿರುತ್ತೀರಿ. ಸರ್ವಮಂಗಳಮ್ಮನವರಿಗೆ ನನ್ನ ಸಲಾಂ ಹೇಳು.

ಖಾಸಿಂ


ಮಾಯಸಂದ್ರ
16–1–2025, ಗುರುವಾರ

ಖಾಸಿಂ,

ನಿನ್ನ ಕಾಗದ ಇವತ್ತೇ ಬಂತು. ಇವತ್ತೇ ಉತ್ತರ. ತುರುವೇಕೆರೆಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡುತ್ತೇನೆ.

ಮಿಕ್ಕದ್ದು ಯಾರಿಗೆ ಬೇಕು ಅಂತ ಕೇಳಿದೆಯಲ್ಲ. ನನಗೆ ಬೇಕು. ನಾಚಿಕೆಯಾಗುವುದಿಲ್ಲವೇನ್ಲಾ ನಿನಗೆ ಹಾಗೆ ಕೇಳಲು? ಭೂತಮ್ಮನಿಗೆ ಹೇಗೆ ಗುರುತು ಹತ್ತಿಸಬೇಕೋ ನಾನು ಹತ್ತಿಸುತ್ತೇನೆ. ಹೋಗಿ ಅವಳ ಕೈ ಹಿಡಿ. ಮುದುಕಿಗೆ ಕಿವಿ ಒಂದೇ ಇರುವುದೇನು?

ಕೇಳು. ನೀನು ಸಹಿ ಹಾಕದಿದ್ದರೆ ನಾನು ಮಾರ್ಚಿನಲ್ಲಿ ಬಣ್ಣ ಹಚ್ಚುವುದಿಲ್ಲ. ಸಂಘದ ಶಂಭುಲಿಂಗಯ್ಯನಿಗೆ ಹೇಳಿಬಿಟ್ಟಿದ್ದೇನೆ. "ಯಾಕಣ್ಣಾ, ರಾಜಪಾರ್ಟು ಯಾರ್ ಮಾಡ್ಬೇಕು?" ಅಂತ ಬಾಯಿ ಬಡಿದುಕೊಂಡ. ಖಾಸಿಂನ ಕೇಳು ಅಂದೆ.

ನೀನು ಹಟಮಾರಿ, ಒಪ್ಪಿದೆ. ನಾನು ನಿನಗಿಂತ ಎರಡು ವರ್ಷ ದೊಡ್ಡ ಹಟಮಾರಿ.

ಶಾಹಿದಾ ತಂಗಿಗೆ ನಾನು ಏನೂ ಹೇಳಿಲ್ಲ. ತಿಪಟೂರು ಕಡೆಗೇ ಹೋಗಿಲ್ಲ. ನಿನ್ನಾಣೆ.

ಮರುಳಪ್ಪ


ಮಂಗಳೂರು
18–1–2025, ಶನಿವಾರ

ಮಹಾಜನಗಳಲ್ಲಿ ವಿನಂತಿ,

ಮಾಯಸಂದ್ರದ ಮರುಳಪ್ಪನವರ ಗಮನಕ್ಕೆ. ಇದು ಖಾಸಿಂ ಸಾಬ್‌ರವರ ಕೊನೆಯ ವಾರದ ಕಾರ್ಯಕ್ರಮ. ಸೋಮವಾರ ಕದ್ರಿ ಗುಡ್ಡ, ಮಂಗಳವಾರ ವಿಶ್ರಾಂತಿ. ಬುಧವಾರ ಸುಲ್ತಾನ್ ಬತ್ತೇರಿ, ಅಲ್ಲಿಂದ ದೋಣಿಯಲ್ಲಿ ಆಚೆ ದಡ. ಗುರುವಾರ ನೇತ್ರಾವತಿ ಸೇತುವೆ ದಾಟಿ ಉಳ್ಳಾಲದ ದರ್ಗಾ. ಶುಕ್ರವಾರ ಜುಮ್ಮಾ ನಮಾಜು ಮುಗಿಸಿ ಅಳಿವೆ. ಅಲ್ಲಿಗೆ ಮಂಗಳ.

ಒಪ್ಪಿಗೆ ಕಾಗದ ನಿಖತ್‌ಳ ಬೀರುವಿನಲ್ಲಿದೆ. ಅದಕ್ಕೆ ನಾನು ಸಹಿ ಹಾಕುವುದಿಲ್ಲ, ಇದು ಗಟ್ಟಿ. ಇನ್ನು ಆ ವಿಷಯ ಬರೆಯಬೇಡ. ನನ್ನ ಮಗ ಅಫ್ತಾಬನಿಗೆ ವೈರು ಸುತ್ತಿಡುವುದನ್ನು ಸರಿಯಾಗಿ 
ಹೇಳಿಕೊಡು, ಗಂಟು ಹಾಕಿ ಎಸೆಯುತ್ತಾನೆ. ಶಾಹಿದಾಳ ಹೊಲಿಗೆ ಮಿಷನ್ನಿನ ಬೆಲ್ಟು ಸವೆದಿದೆ, ಬೇರೆ ಹಾಕಿಸಿಕೊಡು. ನೀನು ಬಣ್ಣ ಹಚ್ಚದೆ ಇರಬೇಡ, ನಿನಗೆ ಬರುವುದು ಅದೊಂದೇ ವಿದ್ಯೆ.

ಖಾಸಿಂ


ಮಾಯಸಂದ್ರ
21–1–2025, ಮಂಗಳವಾರ, ಸಂಜೆ

ಲೇ ಪಾಪಿ,

ಅಕ್ಷರ ನೆಟ್ಟಗಿಲ್ಲ, ಹೇಗೋ ಓದಿಕೊ. ಮಧ್ಯಾಹ್ನ ನಿನ್ನ ಕಾಗದ ಬಂತು. ಶುಕ್ರವಾರ ನಮಾಜು ಮುಗಿಸಿ ಅಳಿವೆ ಅಂತ ಬರೆದಿದ್ದೀಯ. ಅಲ್ಲಿಗೆ ಮಂಗಳ ಅಂತ ಬೇರೆ. ಇಪ್ಪತ್ತೆರಡು ವರ್ಷ ರಾಜಪಾರ್ಟು ಹಾಕಿದವನಿಗೆ ಆ ಮಾತಿನ ಅರ್ಥ ಬೇರೆಯವರು ಬಿಡಿಸಿ ಹೇಳಬೇಕೇನ್ಲಾ? ಕೊನೆಯ ಅಂಕದಲ್ಲಿ ಸೈನ್ಯವೆಲ್ಲ ಹೋದಮೇಲೆ ಕೊಳಕ್ಕಿಳಿಯುವ ಮುಂಚೆ ನಾನೇ ಎದೆಗೆ ಗುದ್ದಿಕೊಂಡು ಹೇಳುತ್ತೇನೆ, ಅಳಿವೆ, ಅಳಿವೆ ಅಂತ. ನೀನೇ ಆಗ ಹಾರನ್ನಿನ ಸೌಂಡು ಜಾಸ್ತಿ ಮಾಡುತ್ತೀಯ. ಸಾಯುತ್ತೇನೆ ಅಂತ ನೆಟ್ಟಗೆ ಬರೆಯಲು ಧೈರ್ಯವಿಲ್ಲದೆ ನಾಟಕದ ಮಾತಿನಲ್ಲಿ ಬರೆದಿದ್ದೀಯ. ಜೊತೆಗೆ ವೈರು ಸುತ್ತಿಡು, ಬೆಲ್ಟು ಹಾಕಿಸು ಅಂತ ಅಪ್ಪಣೆ.

ತಕ್ಷಣ ನಿಖತ್‌ಗೆ ಫೋನ್ ಮಾಡಿದೆ. "ಅಬ್ಬಾ ಚೆನ್ನಾಗವ್ರೆ ದೊಡ್ಡಪ್ಪಾ. ಶುಕ್ರವಾರಕ್ಕೆ ಒಬ್ರೇ ಹೋಗ್ಬೇಕಂತೆ, ದೋಣಿ ವಿಚಾರಿಸ್ಕೊಂಡು ಬರಾಕೆ ಹೋಗವ್ರೆ" ಅಂದಳು. ಆ ಮಗುವಿಗೆ ಏನಂತ ಹೇಳಲಿ? ನಾನು ಬರುವ ತನಕ ಅಪ್ಪನನ್ನು ಒಬ್ಬರನ್ನೇ ಎಲ್ಲೂ ಕಳಿಸಬೇಡ ಅಂದೆ, ಕಾರಣ ಹೇಳಲಿಲ್ಲ.

ಈಗ ನಾನು ಮಾಡಿದ ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ಹದಿನಾರನೇ ತಾರೀಕಿನ ಕಾಗದದಲ್ಲಿ ಬರೆದದ್ದು ಸುಳ್ಳು. ಅವತ್ತಿನ ಹಿಂದಿನ ದಿನವೇ ತಿಪಟೂರಿಗೆ ಹೋಗಿದ್ದೆ. ನಿನ್ನ ಮಾತು ಮೀರಿ ಶಾಹಿದಾ ತಂಗಿಗೆ ಎಲ್ಲ ಹೇಳಿಬಿಡಬೇಕು ಅಂತಲೇ ಹೋದದ್ದು. ನಾನು ಬಾಯಿ ತೆರೆಯುವ ಮೊದಲೇ ಅವಳೇ ಹೇಳಿದಳು. ನಿಖತ್ ಮೊದಲ ದಿನವೇ ಅಮ್ಮನಿಗೆ ತಿಳಿಸಿದ್ದಾಳೆ. ದನಿ ಹೋಗುತ್ತೆ ಅನ್ನುವುದು, ನೀನು ಒಪ್ಪುತ್ತಿಲ್ಲ ಅನ್ನುವುದು, ಎಲ್ಲ ಗೊತ್ತು. ಮತ್ತೆ ಯಾಕಮ್ಮ ಸುಮ್ಮನಿದ್ದೀಯ ಅಂದೆ. ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

"ಅವ್ರೇ ಹೇಳ್ಲಿ ಅಂತ ಕಾಯ್ತಾ ಇದ್ದೀನಿ ಅಣ್ಣಾ. ಊರಿಗೆಲ್ಲ ಮೈಕಲ್ಲಿ ಮಾತಾಡ್ತಾರೆ. ಮನೇಲಿ ಇಪ್ಪತ್ತೊಂಬತ್ತು ವರ್ಷದಿಂದ ಹೂಂ, ಊಹೂಂ, ಅಷ್ಟೇಯ. ಅದುಕ್ಕೆ ಪೆಟ್ಟಿಗೆ ಯಾಕ್ ಬೇಕು, ಕತ್ತು ಆಡ್ಸಿದ್ರೆ ಸಾಕು. ನಂಗೇನೂ ಕಮ್ಮಿ ಆಗಲ್ಲ. ಆದ್ರೆ ದನಿ ಹೋಗೋಕ್ ಮುಂಚೆ ಒಂದ್ ಮಾತು ನಂಗೇ ಅಂತ ಇರ್ಲಿ."

ನಗುತ್ತಾ ಹೇಳುತ್ತಿದ್ದಾಳೆ ಅಂದುಕೊಂಡೆ. ಮಿಷನ್ ಮೇಲಿದ್ದ ಬಟ್ಟೆ ಎತ್ತಿ ಕಣ್ಣು ಒರೆಸಿಕೊಂಡಳು.

ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ನಾನೂ ಅವಳೂ ಹೊರಡುತ್ತೇವೆ. ದುರ್ಗಯ್ಯನ ಲಾರಿ ಈಗಲೇ ಕಾಯಿ ತುಂಬಿಕೊಂಡು ಮಂಗಳೂರಿಗೆ ಹೊರಟಿದೆ, ಈ ಕಾಗದ ನಮಗಿಂತ ಮೊದಲು ನಿನ್ನ ಕೈ ಸೇರುತ್ತದೆ. ಓದಿದ ಮೇಲೆ ಕೂತ ಜಾಗ ಬಿಟ್ಟು ಅಲ್ಲಾಡಿದರೆ ನೋಡು. ನೀರಿನ ಹತ್ತಿರ ಹೋದರೆ ಕಾಲು ಮುರಿಯುತ್ತೇನೆ.

ಮರುಳಪ್ಪ


ಮಂಗಳೂರು
22–1–2025, ಬುಧವಾರ

ಲೇ ಹುಚ್ಚಪ್ಪ,

ನೀವು ಈಗ ಘಾಟಿ ಇಳಿಯುತ್ತಿರುತ್ತೀರಿ. ಈ ಕಾಗದವನ್ನು ದುರ್ಗಯ್ಯನ ಕೈಯಲ್ಲೇ ವಾಪಸ್ ಕಳಿಸುತ್ತೇನೆ, ನೀನು ಊರಿಗೆ ಹಿಂತಿರುಗಿದ ಮೇಲೆ ಓದು. ಎದುರಿಗೆ ಸಿಕ್ಕಾಗ ನನ್ನ ಗಂಟಲು ಸಾಲುವುದಿಲ್ಲ, ನೀನಂತೂ ಬೇರೆಯವರನ್ನು ಮಾತಾಡಲು ಬಿಡುವವನಲ್ಲ.

ಅಳಿವೆ ಅಂದರೆ ನದಿ ಸಮುದ್ರಕ್ಕೆ ಸೇರುವ ಬಾಯಿ ಕಣೋ! ಇಲ್ಲಿಯವರ ಮಾತು ಅದು. ಧಕ್ಕೆಯ ದೋಣಿಯವನು ದಿನಾ ಅಳಿವೆ ಅಳಿವೆ ಅನ್ನುತ್ತಿದ್ದ, ನನಗೂ ನಾಲಿಗೆಗೆ ಹತ್ತಿಕೊಂಡಿತ್ತು, ನಿನಗೆ ಗೊತ್ತಿರುವುದಿಲ್ಲ ಅಂತ ಹೊಳೆಯಲೇ ಇಲ್ಲ. ಈ ಕಡೆಯಿಂದ ನೇತ್ರಾವತಿ, ಆ ಕಡೆಯಿಂದ ಫಲ್ಗುಣಿ, ಎರಡೂ ಒಂದೇ ಬಾಗಿಲಲ್ಲಿ ಕಡಲಿಗೆ ಹೋಗುತ್ತವೆ. ನೋಡುವ ಜಾಗ ಅದು. ಮಕ್ಕಳು ಮರಿ ಕಟ್ಟಿಕೊಂಡು ಬುತ್ತಿ ತಗೊಂಡು ಹೋಗುವ ಜಾಗ. ನೀನು ಅದನ್ನು ಕೊನೆಯ ಅಂಕ ಮಾಡಿಬಿಟ್ಟೆ. ದುರ್ಗಯ್ಯನ ಎದುರಿಗೇ ಹೊಟ್ಟೆ ಹಿಡಿದುಕೊಂಡು ನಕ್ಕೆ. ಗಂಟಲು ಉರಿದು ಕಣ್ಣಲ್ಲಿ ನೀರು ಬಂತು. ನಿಖತ್ ಓಡಿ ಬಂದಳು.

ಆಮೇಲೆ ಶಾಹಿದಾ ಹೇಳಿದ್ದನ್ನು ಓದಿದೆ. ಮೂರು ಸಲ ಓದಿದೆ. ನಗು ನಿಂತುಹೋಯಿತು.

ಮರುಳ, ನೀನು ಓದಿಕೊಂಡದ್ದು ಪೂರ್ತಿ ತಪ್ಪಲ್ಲ. ಅಳಿವೆ ಅಂತ ನಾನು ಬರೆದದ್ದು ನದಿಯ ಬಾಯಿಗೇ. ಆದರೆ ಸಹಿ ಹಾಕುವುದಿಲ್ಲ ಅಂತ ಬರೆದೆನಲ್ಲ, ಅದರ ಅರ್ಥ ನೀನು ಓದಿಕೊಂಡದ್ದೇ. ನೀರಿಗೆ ಬೀಳುವವನು ಒಂದೇ ಸಲ ಬೀಳುತ್ತಾನೆ, ನಾನು ಆರು ತಿಂಗಳಲ್ಲಿ ನಿಧಾನವಾಗಿ ಬೀಳುತ್ತಿದ್ದೆ, ಅಷ್ಟೇ ವ್ಯತ್ಯಾಸ. ಅದಕ್ಕೆ ಊರು ನೋಡುವುದು ಅಂತ ಹೆಸರಿಟ್ಟಿದ್ದೆ. ಚೆನ್ನಾಗಿರುವುದನ್ನೆಲ್ಲ ನೋಡಿಬಿಟ್ಟರೆ ಹೋಗುವುದು ಸುಲಭ ಅಂದುಕೊಂಡಿದ್ದೆ. ಸುಲಭವಾಗಲಿಲ್ಲ. ಪ್ರತಿ ಜಾಗದಲ್ಲೂ ಯಾರಿಗಾದರೂ ತೋರಿಸಬೇಕು ಅನ್ನಿಸುತ್ತಿತ್ತು.

ಇಪ್ಪತ್ತೊಂಬತ್ತು ವರ್ಷ ಹೂಂ, ಊಹೂಂ. ಲೆಕ್ಕ ಇಟ್ಟಿದ್ದಾಳೆ ನೋಡು. ದಿನವಿಡೀ ಕೂಗಿ ಮನೆಗೆ ಬಂದಾಗ ಗಂಟಲಿಗೆ ವಿಶ್ರಾಂತಿ ಕೊಡುತ್ತಿದ್ದೇನೆ ಅಂದುಕೊಂಡಿದ್ದೆ. ಊರಿಗೆ ಮಾಡಿದ ಊಟದಲ್ಲಿ ಅವಳಿಗೆ ತಳ ಕೆರೆದು ಕೊಟ್ಟ ಹಾಗಾಯಿತು. ನನಗೆ ನಾಚಿಕೆಯಾಗಿದೆ.

ದುರ್ಗಯ್ಯ ಹಾರ್ನ್ ಹೊಡೆಯುತ್ತಿದ್ದಾನೆ. ನಾನು ಬಸ್ ಸ್ಟ್ಯಾಂಡಿಗೆ ಹೋಗಬೇಕು.

ಖಾಸಿಂ


ಮಾಯಸಂದ್ರ
27–1–2025, ಸೋಮವಾರ

ಖಾಸಿಂ,

ನಿನ್ನ ಇಪ್ಪತ್ತೆರಡರ ಕಾಗದ ನಿನ್ನೆ ಸಿಕ್ಕಿತು. ದುರ್ಗಯ್ಯ ಅದನ್ನು ಸೀಟಿನ ಕೆಳಗಿಟ್ಟು ಮರೆತಿದ್ದ. ಓದಿ ಸರ್ವಮಂಗಳನ ಕೈಗೂ ಕೊಟ್ಟೆ. ಈಗ ಅವಳಿಗೂ ಎಲ್ಲ ಗೊತ್ತು. "ಅಳಿವೆ ಅಂದ್ರೆ ಸಾಯೋದು ಅಂತ ನೀವೊಬ್ರೇ ಅಂದ್ಕೊಳ್ಳೋದು ಕಣ್ರೀ" ಅಂತ ಬೆಳಿಗ್ಗೆಯಿಂದ ನಗುತ್ತಿದ್ದಾಳೆ.

ಶುಕ್ರವಾರ ನಾವು ಹೋದ ಆ ಜಾಗ ಮಾತ್ರ ಜಾಗವೇ ಬುಡು. ನಾನು ಇಷ್ಟು ನೀರನ್ನು ಜನ್ಮದಲ್ಲಿ ನೋಡಿರಲಿಲ್ಲ. ನಮ್ಮ ಕಡೆ ನಾಲೆಗೆ ಹೇಮಾವತಿ ನೀರು ಬಿಟ್ಟರು ಅಂದರೆ ಊರಿಗೆ ಊರೇ ಹೋಗಿ ನಿಂತು ನೋಡುತ್ತೇವೆ. ಅಲ್ಲಿ ಎರಡು ಹೊಳೆ ಬಂದು ಬಿದ್ದರೂ ಆ ಕಡಲಿಗೆ ಗೊತ್ತೇ ಆಗುವುದಿಲ್ಲ. ಮರಳ ಮೇಲೆ ನಿಂತು ನನ್ನ ರಾಜಪಾರ್ಟಿನ ಮಾತು ಹೇಳಲು ಹೋಗಿ ನಾನು ಒಂದು ಸಾಲಿಗೇ ಸುಸ್ತಾದಾಗ ನೀನು ನಕ್ಕೆಯಲ್ಲ. ಅಲೆಯ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಿಸಲಿಲ್ಲ. ಮೀನಿನ ಬೋಟಿನವನು ಕೈ ಬೀಸಿದ, ಏನೋ ಸಹಾಯಕ್ಕೆ ಕರೆಯುತ್ತಿದ್ದಾನೆ ಅಂದುಕೊಂಡ.

ನೀನೂ ಶಾಹಿದಾ ತಂಗಿಯೂ ಆ ಕಲ್ಲುಗಳ ಹತ್ತಿರ ಕೂತಾಗ ಬೊಂಡ ಕುಡಿದು ಬರುತ್ತೇನೆ ಅಂತ ಎದ್ದು ಹೋದೆನಲ್ಲ. ಬೊಂಡದ ಗಾಡಿ ಇರಲಿಲ್ಲ. ದೂರದಲ್ಲಿ ನಿಂತಿದ್ದೆ. ನಿನ್ನ ಬಾಯಿ ಅಲ್ಲಾಡುವುದು ಕಾಣುತ್ತಿತ್ತು. ಬಹಳ ಹೊತ್ತು ಅಲ್ಲಾಡುತ್ತಿತ್ತು. ಅವಳು ಒಂದು ಸಲವೂ ನಿನ್ನ ಕಡೆ ತಿರುಗಲಿಲ್ಲ, ನೀರನ್ನೇ ನೋಡುತ್ತಾ ತಲೆ ಆಡಿಸುತ್ತಿದ್ದಳು. ಏನು ಹೇಳಿದೆ ಅಂತ ಕೇಳಿಸಿಕೊಳ್ಳಲು ಎರಡು ಹೆಜ್ಜೆ ಹತ್ತಿರ ಬಂದೆ, ಸುಳ್ಳು ಹೇಳುವುದಿಲ್ಲ. ಗಾಳಿ ಬೇರೆ ಕಡೆಗಿತ್ತು. ಹೇಳಬಾರದೇನ್ಲಾ, ಏನು ಹೇಳಿದೆ ಅಂತ?

ಶನಿವಾರ ನೀನು ಸಹಿ ಹಾಕಿದ್ದನ್ನು ಕಣ್ಣಾರೆ ನೋಡಿದ ಮೇಲೇ ನಾನು ಬಸ್ಸು ಹತ್ತಿದ್ದು. ಪೆನ್ನು ನನ್ನದೇ. ಅದನ್ನು ತೊಳೆದಿಟ್ಟಿಲ್ಲ, ಪೂಜೆ ಮಾಡಿಲ್ಲ, ಅದರಲ್ಲೇ ಇದನ್ನು ಬರೆಯುತ್ತಿದ್ದೇನೆ.

ನಿನ್ನೆ ಇಸ್ಕೂಲಿನ ಧ್ವಜಾರೋಹಣಕ್ಕೆ ಅಫ್ತಾಬ್ ಮೈಕ್ ಕಟ್ಟಿದ. ಕೂಗುವವರು ಯಾರೂ ಇಲ್ಲ ಅಂತ ನಾನೇ ಹಿಡಿದೆ. ಮೂರನೇ ಕ್ಲಾಸಿನ ಮಕ್ಕಳು ಮೊದಲು ಹೆದರಿದವು, ಆಮೇಲೆ ನಕ್ಕವು. "ಮರುಳಪ್ಪನವ್ರೇ, ಧ್ವಜಾರೋಹಣ, ಯುದ್ಧ ಅಲ್ಲ" ಅಂದರು ಸದಾಶಿವಯ್ಯ.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ಮೂವತ್ತಕ್ಕೆ ನಾನು ಬರುವುದಿಲ್ಲ. ಕೆಲಸ ಇದೆ ಅಂತ ಸುಳ್ಳು ಹೇಳಬಹುದಿತ್ತು. ಭಯ ಆಗುತ್ತಿದೆ ಕಣ್ಲಾ. ಸಹಿ ಹಾಕು ಹಾಕು ಅಂತ ಕೂಗಿದವನು ನಾನೇ, ಈಗ ಬಾಗಿಲ ಹೊರಗೆ ಕೂರುವ ಧೈರ್ಯ ನನಗಿಲ್ಲ. ನೀನು ಒಳಗಿಂದ ಬಂದಮೇಲೆ ನಿನ್ನ ಕೈಯಾರೆ ಎರಡು ಸಾಲು ಬರಿ. ಬೇರೆಯವರು ಫೋನಿನಲ್ಲಿ ಹೇಳಿದರೆ ನಾನು ನಂಬುವುದಿಲ್ಲ.

ಮರುಳಪ್ಪ


ಮಂಗಳೂರು, ಆಸ್ಪತ್ರೆ
10–2–2025, ಸೋಮವಾರ

ಲೇ ಮರುಳ,

ನೀನು ಎರಡು ಸಾಲು ಕೇಳಿದ್ದೆ. ಬದುಕಿದ್ದೇನೆ. ಪೂರ್ತಿ ತೆಗೆದಿದ್ದೇವೆ ಅಂದರು ಡಾಕ್ಟರು. ಎರಡು ಸಾಲಾಯಿತು. ಮಿಕ್ಕದ್ದು ನನ್ನ ಕಡೆಯಿಂದ ಪುಕ್ಕಟೆ.

ಕತ್ತಿನಲ್ಲಿ ತೂತು ಮಾಡಿದ್ದಾರೆ, ಉಸಿರು ಅಲ್ಲಿಂದ. ಮೂಗಿನಲ್ಲಿ ನಳಿಗೆ, ಗಂಜಿ ಅಲ್ಲಿಂದ. ಮೊದಲ ನಾಲ್ಕು ದಿನ ನರಕ, ಅದನ್ನು ಬರೆಯುವುದಿಲ್ಲ. ಕೆಮ್ಮು ಬಂದರೆ ಸದ್ದಿಲ್ಲ, ನಗು ಬಂದರೆ ಸದ್ದಿಲ್ಲ. ನಿದ್ದೆಯಿಂದ ಎದ್ದಾಗ ಪ್ರತಿ ಸಲವೂ ಬಾಯಿ ತೆರೆದು ಯಾರನ್ನೋ ಕರೆಯಲು ಹೋಗುತ್ತೇನೆ. ಆಮೇಲೆ ನೆನಪಾಗುತ್ತದೆ. ಇದು ಇನ್ನೂ ಎಷ್ಟು ದಿನವೋ ಗೊತ್ತಿಲ್ಲ. ಸಿಟ್ಟು ಬಂದಾಗ ಸ್ಲೇಟು ಎಸೆದೆ, ಒಡೆದುಹೋಯಿತು. ಶಾಹಿದಾ ಇನ್ನೊಂದು ತಂದಳು. ಅದನ್ನು ಎಸೆಯಲಿಲ್ಲ.

ಜೀರುಂಡೆ ಡಬ್ಬದ ತರಬೇತಿಗೆ ಮುಂದಿನ ತಿಂಗಳಿಂದ ಬರಬೇಕಂತೆ. ಬರುತ್ತೇನೆ ಅಂತ ಬರೆದುಕೊಟ್ಟಿದ್ದೇನೆ. ಅದನ್ನೂ ಕಲಿಯುತ್ತೇನೆ. ನನ್ನ ದನಿ ಅದಲ್ಲ, ಆದರೆ ಅಂಗಡಿಯವನ ಹತ್ತಿರ ಸೋಪು ಕೇಳಲು ಸಾಕು. ಮೈಕ್ ಸೆಟ್ ಮಾರುವುದಿಲ್ಲ. ಮಾರ್ಚಿನ ನಾಟಕಕ್ಕೆ ನಾನು ಆಂಪ್ಲಿಫೈಯರ್ ಪಕ್ಕ ಕೂರುತ್ತೇನೆ, ಕೂಗುವುದು ಅಫ್ತಾಬ್, ಅವನು ಕೂಗಬೇಕಾದ್ದನ್ನು ನಾನು ಬರೆದುಕೊಡುತ್ತೇನೆ. ನೀನು ಮೈಕ್ ಮುಟ್ಟಕೂಡದು, ಸದಾಶಿವಯ್ಯನವರು ನಿಖತ್‌ಗೆ ಫೋನಿನಲ್ಲಿ ಧ್ವಜಾರೋಹಣದ ಕತೆ ಎಲ್ಲ ಹೇಳಿದ್ದಾರೆ.

ಅಳಿವೆಯಲ್ಲಿ ಏನು ಹೇಳಿದೆ ಅಂತ ಕೇಳಿದ್ದೀಯ. ಅದು ಅವಳದು. ಅವಳನ್ನೂ ಕೇಳಬೇಡ.

ಆಪರೇಷನ್ನಿನ ದಿನದ ಒಂದು ವಿಷಯ ಮಾತ್ರ ನಿನಗೆ ಹೇಳಬೇಕು. ನನ್ನ ಕೊನೆಯ ಮಾತು ಏನಿರಬೇಕು ಅಂತ ಮೂರು ದಿನ ಯೋಚಿಸಿದ್ದೆ. ಶಾಹಿದಾಗೆ ಹೇಳಬೇಕಾದ್ದು ಆಗಿತ್ತು. ನಿಖತ್‌ಳ ತಲೆ ಮೇಲೆ ಕೈಯಿಟ್ಟು ದುವಾ ಹೇಳಿದೆ, ಅದೇ ಕೊನೆಯದಾಗಲಿ ಅಂತ ಬಾಯಿ ಬಿಗಿದುಕೊಂಡೆ. ತಳ್ಳುವ ಮಂಚದ ಮೇಲೆ ಮಲಗಿಸಿ ಆಪರೇಷನ್ ಕೋಣೆಯ ಬಾಗಿಲ ತನಕ ತಂದರು. ಅಲ್ಲಿ ಒಬ್ಬ ಸಿಸ್ಟರು ಫೈಲು ಹಿಡಿದುಕೊಂಡು ಬಂದಳು, ಚಿಕ್ಕ ಹುಡುಗಿ.

"ನಿಮ್ಮ ಹೆಸರು ಹೇಳಿ" ಅಂದಳು.

ಕೈಗೆ ಕಟ್ಟಿದ್ದ ಪಟ್ಟಿ ತೋರಿಸಿದೆ. ಅದರಲ್ಲೇ ಬರೆದಿತ್ತು.

"ಅದು ಉಂಟು. ಆದ್ರೆ ನಿಮ್ಮ ಬಾಯಿಂದ್ಲೇ ಹೇಳ್ಬೇಕು ಮಾರಾಯ್ರೆ, ಇಲ್ಲದಿದ್ರೆ ಒಳಗೆ ಬಿಡುವ ಹಾಗಿಲ್ಲ."

ಹೇಳಿದೆ. ಗರಗರ ಅಂತು.

"ಕೇಳ್ಲಿಲ್ಲ. ಇನ್ನೊಂದ್ಸಲ ಹೇಳಿ" ಅಂದಳು.

ಅವಳ ತಪ್ಪೇನಿಲ್ಲ. ಮೊಣಕೈ ಊರಿ ಎದ್ದು ಕೂತೆ. ಎದೆ ತುಂಬ ಉಸಿರು ಎಳೆದುಕೊಂಡೆ. ಗಂಟಲಲ್ಲಿ ಇದ್ದಬದ್ದದ್ದನ್ನೆಲ್ಲ ಒಟ್ಟು ಮಾಡಿ ಹೇಳಿದೆ: ಖಾಸಿಂ ಸಾಬ್, ತಿಪಟೂರು.

ಮೈಕ್ ಇರಲಿಲ್ಲ ಕಣ್ಲಾ. ಆ ಉದ್ದನೆಯ ಕಾರಿಡಾರಿನ ಕೊನೆಯಲ್ಲಿ ಬೆಂಚಿನ ಮೇಲೆ ಕೂತಿದ್ದವರು ತಿರುಗಿ ನೋಡಿದರು, ಒಬ್ಬ ಮುದುಕ ಎದ್ದೇ ನಿಂತ. ಸಿಸ್ಟರು ಸರಿ ಅಂತ ಗುರುತು ಹಾಕಿಕೊಂಡು ಬಾಗಿಲು ತೆಗೆದಳು.

ಖಾಸಿಂ ಸಾಬ್